ಜೀವ ಉಳೀತು, ಮಿದುಳು?

(ಜಮಖಂಡಿಯೊಳಗ ಕಬ್ಬಿನ ಹಂಗಾಮು ಸುರು ಆಗೂಕಿಂತ ಮೊದಲ ಟ್ರ್ಯಾಕ್ಟರ್ ಡ್ರೈವರ್‌ಗಳು, ಕಾಲೇಜು ಹುಡುಗ್ರು, ಊರಿನ ಹಿರ್ಯಾರು ಕೂಡಿದ್ದ ಸಭಾದಾಗ ಮಾತಾಡಿದ್ದು. ಫೋನಿನ ರೆಕಾರ್ಡಿಂಗ್ ಕೇಳಿ ಬರದೇನಿ. ಸ್ವಾಗತ, ಹಾರ, ಶಾಲು ಎಲ್ಲಾ ತಗದೇನಿ.)

ಇಲ್ಲಿ ಕುಂತವ್ರೊಳಗ "ಪಾಪ, ಹಾರ್ಟ್ ಫೇಲ್ ಆತಂತ" ಅನ್ನೂ ಮಾತು ಕೇಳದವ್ರು ಯಾರರ ಇದ್ರ ಕೈ ಎತ್ರಿ. ಒಬ್ರೂ ಇಲ್ಲ. ನಮ್ಮ ಕಡೆ ಹಂಗ ನೋಡ್ರಿ, ಮಲಗಿದಲ್ಲೇ ಸತ್ರೂ ಹಾರ್ಟ್ ಫೇಲ್, ಹೊಲದಾಗ ಬಿದ್ದು ಸತ್ರೂ ಹಾರ್ಟ್ ಫೇಲ್, ಹಾವು ಕಡದದ್ದು ಗೊತ್ತಾಗದ ಸತ್ರೂ ಹಾರ್ಟ್ ಫೇಲ್. ಆದ್ರ ನಾ ಇವತ್ತ ಹಾರ್ಟಿನ ಬಗ್ಗೆ ಹೇಳಾಕ ಬಂದಿಲ್ಲ, ತಲಿ ಬಗ್ಗೆ ಹೇಳಾಕ ಬಂದೇನಿ. ಎದಿ ನಿಂತವನೂ ತಲಿಗೆ ಪೆಟ್ಟ ತಿಂದವನೂ ನಮ್ಮ ದವಾಖಾನಿಗೆ ಬ್ಯಾರೆ ಬ್ಯಾರೆ ಬಾಗಲಿಂದ ಬರ್ತಾರ, ಆದ್ರ ಕಡೀಕ ಇಬ್ರದೂ ಲೆಕ್ಕ ಆಗೂದು ಒಂದ ಜಾಗಾದಾಗ, ಮಿದುಳಿನ್ಯಾಗ. ನಾ ಅನಸ್ತೇಶಿಯಾ ಡಾಕ್ಟರ್, ಆಪರೇಶನ್‌ಕಿಂತ ಮೊದಲ ಪ್ರಜ್ಞೆ ತಪ್ಪಸೂದು ನನ್ನ ಕೆಲಸ, ಇಪ್ಪತ್ತೈದು ವರ್ಷದ ಮ್ಯಾಲ ಆತು ಐಸಿಯುದಾಗ, ಕ್ಯಾಜುವಾಲ್ಟಿಯೊಳಗ ರಾತ್ರಿ ಕಳದು. ಪ್ರಜ್ಞೆ ತಪ್ಪಸೂದು ಸಸಾರ ರೀ, ತಪ್ಪಿದ್ದನ್ನ ತಿರುಗಿ ತರೂದೈತಲ್ಲ, ಅದು ಕಠಿಣ.

ಮೊದಲ ಒಂದು ಗೊಂದಲ ಬಿಡಸತೇನಿ. ಹಾರ್ಟ್ ಅಟ್ಯಾಕ್ ಬ್ಯಾರೆ, ಕಾರ್ಡಿಯಾಕ್ ಅರೆಸ್ಟ್ ಬ್ಯಾರೆ. ಅಟ್ಯಾಕ್ ಅಂದ್ರ ಹೃದಯದ ಸ್ನಾಯುಗೆ ರಕ್ತ ಕೊಡೂ ನಾಳದಾಗ ಗಡ್ಡಿ ಕಟ್ಟೂದು. ಆ ಮನಷ್ಯಾ ಬೆವರತಾನ, ಎದಿ ಹಿಡಕೊಂತಾನ, ಆದ್ರ ಮಾತಾಡತಾನ, ಎಷ್ಟೋ ಮಂದಿ ಬೈಕ್ ಹೊಡಕೊಂಡ ಬಂದಾರ ನಮ್ಮ ಕಡೆ. ಅರೆಸ್ಟ್ ಅಂದ್ರ ಪಂಪ್ ನಿಂತಂಗ. ಮಾತಿಲ್ಲ, ನಾಡಿ ಇಲ್ಲ, ಹತ್ತು ಹದಿನೈದು ಸೆಕೆಂಡಿನ್ಯಾಗ ಪ್ರಜ್ಞೆ ಹೋಗತೈತಿ. ಅಟ್ಯಾಕ್‌ನಿಂದ ಅರೆಸ್ಟ್ ಆಗಬಹುದು, ಆದ್ರ ಹೊಲದಾಗ ಪಂಪಸೆಟ್ಟಿನ ಸ್ಟಾರ್ಟರ್ ಮುಟ್ಟಿ ಕರೆಂಟ್ ಹೊಡದ್ರೂ ಆಗತೈತಿ, ಕೆನಾಲಿನ್ಯಾಗ ಮುಳುಗಿದ್ರೂ ಆಗತೈತಿ, ಭಾಳ ರಕ್ತ ಹೋದ್ರೂ ಆಗತೈತಿ. ಅಟ್ಯಾಕ್ ಆದವಗ ಈಗ ತಾಲೂಕು ದವಾಖಾನಿಯೊಳಗನ ಇಸಿಜಿ ತಗದು, ಅದನ್ನ ದೊಡ್ಡ ದವಾಖಾನಿ ಡಾಕ್ಟರ್‌ಗೆ ಕಳಿಸಿ, ಗಡ್ಡಿ ಕರಗಸೂ ಟೆನೆಕ್ಟೆಪ್ಲೇಸ್ ಅನ್ನೂ ತುಟ್ಟಿ ಇಂಜೆಕ್ಷನ್ ಪುಗಸಟ್ಟೆ ಕೊಡೂ ವ್ಯವಸ್ಥಾ ಐತಿ, ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಅಂತ. ಎದಿನೋವು ಬಂದ್ರ ಗ್ಯಾಸ್ ಅಂತ ಸೋಡಾ ಕುಡಕೋತ ಕುಂದರಬ್ಯಾಡ್ರಿ, ಅಷ್ಟ ಹೇಳಿ ಅದನ್ನ ಅಲ್ಲಿಗೇ ಬಿಡತೇನಿ.

ಅಪ್ಪು ಹೆಸರು ಬಂತಲ್ಲ, ಒಂದು ಮಾತು. 2021ರ ಅಕ್ಟೋಬರ್ 29. ಅವತ್ತಿನಿಂದ ಒಂದೆರಡು ತಿಂಗಳು ನಮ್ಮಲ್ಲಿ ಇಸಿಜಿ ರೂಮಿನ ಮುಂದ ಪಾಳಿ ನೋಡಬೇಕಿತ್ತು ನೀವು, ಇಪ್ಪತ್ತು ವರ್ಷದ ಹುಡುಗ್ರೆಲ್ಲಾ ಬಂದು ನಿಂತಿದ್ರು. ಒಬ್ಬಂವ ಕೂಡ "ಸರ್, ನಮ್ಮಪ್ಪ ಬಿದ್ರ ನಾ ಏನ್ ಮಾಡಬೇಕು, ಕಲಸ್ರಿ" ಅಂತ ಕೇಳಲಿಲ್ಲ. ಇದಕ್ಕ ಅವರನ್ನಷ್ಟ ಅಂದ್ರ ತಪ್ಪಾಗತೈತಿ, ನಾವೂ ಕರದು ಕಲಸಲಿಲ್ಲ.

ಅದ ವರ್ಷ ಜೂನ್ 12ಕ್ಕ ಕೋಪನ್‌ಹೇಗನ್‌ನಾಗ ಡೆನ್ಮಾರ್ಕಿನ ಫುಟ್ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಆಡೂವಾಗ ಮೈದಾನದಾಗ ಬಿದ್ದ. ಟಿವ್ಯಾಗ ಜಗತ್ತೇ ನೋಡೇತಿ. ಎದಿ ಒತ್ತಿದ್ರು, ಶಾಕ್ ಕೊಟ್ರು, ಮೈದಾನದಾಗನ ಎಚ್ಚರಾದ, ಮುಂದಿನ ವರ್ಷ ತಿರುಗಿ ಆಡಾಕ ಇಳದ. ಅಂವಗ ಸಿಕ್ಕಿದ್ದು ಯಾವ ದೊಡ್ಡ ಔಷಧಾನೂ ಅಲ್ಲ ರೀ, ಪಕ್ಕದಾಗ ನಿಂತವರ ಕೈ ಮತ್ತ ಒಂದು ಡಬ್ಬಿ.

ಈಗ ಮಿದುಳಿನ ಕಡೆ ಬರೂಣು. ಅದು ನಮ್ಮ ಮೈ ತೂಕದಾಗ ನೂರಕ್ಕ ಎರಡು ಪಾಲು, ಆದ್ರ ನಾವು ತಗೊಳ್ಳೂ ಆಕ್ಸಿಜನ್ನಿನ್ಯಾಗ ನೂರಕ್ಕ ಇಪ್ಪತ್ತು ಪಾಲು ಅದ ಒಂದ ತಿಂತೈತಿ. ಮತ್ತ ಕೂಡಿ ಇಡೂ ಚಟಾ ಅದಕ್ಕಿಲ್ಲ, ದಿನಗೂಲಿ ಮನಿ ಇದ್ದಂಗ, ಇವತ್ತ ಬಂದದ್ದು ಇವತ್ತ ಖರ್ಚು. ಪಂಪ್ ನಿಂತ ನಾಕೈದು ಮಿನಿಟಿಗೆ ಮಿದುಳಿನ ಜೀವಕೋಶ ಸಾಯಾಕ ಸುರು ಆಗ್ತಾವ. ಕೈ ಕಾಲು ಅರ್ಧಾ ತಾಸು ರಕ್ತ ಇಲ್ಲಂದ್ರೂ ತಡಕೊಂತಾವ, ಮಿದುಳು ತಡಕೊಳ್ಳಂಗಿಲ್ಲ. ಯಾರೂ ಏನೂ ಮಾಡದ ನಿಂತ್ರ ಒಂದೊಂದು ಮಿನಿಟಿಗೆ ಬದಕೂ ಅವಕಾಶ ನೂರಕ್ಕ 7ರಿಂದ 10 ಕಡಿಮಿ ಆಗ್ತಾ ಹೋಗತೈತಿ. ನಿಮ್ಮ ತ್ವಾಟದ ಮನಿಗೆ ಆಂಬುಲೆನ್ಸ್ ಬರಾಕ ಎಷ್ಟು ಹೊತ್ತು ಬೇಕು, ನೀವ ಲೆಕ್ಕ ಹಾಕ್ರಿ. ನಾ ಯಾರನ್ನೂ ಬೈಯೂದಿಲ್ಲ, ರಸ್ತೆ ಹಂಗದಾವ, ಕಬ್ಬಿನ ನಡಬರಕ ಮನಿ ಅದಾವ, ಡ್ರೈವರ್ ಏನ್ ಹಾರಕೊಂಡ ಬರ್ತಾನೇನು.

ಅದಕ್ಕ ಆ ನಡುವಿನ ಹೊತ್ತು ನಿಮ್ದು. ಮನಷ್ಯಾ ಬಿದ್ದಾನ, ಭುಜಾ ಬಡದು ಕರೀರಿ, ಮಾತಿಲ್ಲ, ಉಸಿರು ಸರಿ ಇಲ್ಲ ಅಂದ್ರ 108ಕ್ಕ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ ನೆಲದ ಮ್ಯಾಲ ಇಡ್ರಿ, ಎದಿ ಒತ್ತಾಕ ಸುರು ಮಾಡ್ರಿ. ಇಲ್ಲೊಂದು ಮೋಸ ಐತಿ. ಅರೆಸ್ಟ್ ಆದ ಮ್ಯಾಲೂ ಭಾಳ ಮಂದಿ ಸ್ವಲ್ಪ ಹೊತ್ತು ಬಾಯಿ ತಗದು ತಗದು ಗೊರಕಿ ಹೊಡದಂಗ, ಮೀನು ನೀರಿನಿಂದ ಹೊರಗ ಬಂದಂಗ ಮಾಡ್ತಾರ. ಮನಿ ಮಂದಿ "ಇನ್ನಾ ಉಸಿರಾಡಾಕತ್ತಾರ, ಉಸಿರಾಡಾಕತ್ತಾರ" ಅಂತ ಗಾಳಿ ಬೀಸಕೋತ ಕುಂದರ್ತಾರ. ಅದು ಉಸಿರಲ್ಲ ರೀ. ಅದು ಮಿದುಳಿನ ಬುಡ ಕೊನೀದಾಗಿ ಕರಿಯೂ ಕರಿ. ಹಂಗ ಕಂಡ್ರ ಒತ್ತಬೇಕು. ಉಳ್ಳಾಗಡ್ಡಿ ಮೂಗಿಗೆ ಹಿಡಿಯೂದು, ಚಪ್ಪಲ್ ಮೂಸಸೂದು, ಕೈಯಾಗ ಕೀಲಿ ಕೊಡೂದು, ಬಾಯಾಗ ನೀರ ಹಾಕೂದು, ಇವೆಲ್ಲಾ ಮಾಡೂದ್ರಾಗನ ನಾಕು ಮಿನಿಟು ಹೋಗಿರ್ತಾವ. ನೀರಂತೂ ಬ್ಯಾಡ್ರಿ, ಸೀದಾ ಶ್ವಾಸದ ಕೊಳವಿಗೆ ಹೋಗತೈತಿ.

ಒತ್ತೂದು ಹೆಂಗ? ಎದಿ ನಟ್ಟ ನಡುವಿನ ಎಲುಬಿನ ಕೆಳಗಿನ ಅರ್ಧದ ಮ್ಯಾಲ ಒಂದು ಅಂಗೈ ಬುಡ, ಅದರ ಮ್ಯಾಲ ಇನ್ನೊಂದು ಕೈ, ಮೊಳಕೈ ಮಡಚಬಾರದು, ಮೈಭಾರ ಹಾಕಿ 5ರಿಂದ 6 ಸೆಂಟಿಮೀಟರ್ ಕೆಳಗ, ಮಿನಿಟಿಗೆ 100ರಿಂದ 120 ಸಲ. ಅಂದ್ರ ಗಡಿಯಾರ ಒಮ್ಮೆ ಟಿಕ್ ಅನ್ನೂದ್ರಾಗ ಹತ್ರ ಹತ್ರ ಎರಡು. ಹಾಸಗಿ ಮ್ಯಾಲ ಬ್ಯಾಡ, ನೆಲದ ಮ್ಯಾಲ. ಊರಾಗ ಬೋರಿಂಗ್, ಅಂದ್ರ ಕೈಪಂಪ್, ಹೊಡದವ್ರು ಅದೀರಲ್ಲ, ನಿಮಗ ಇದು ಲಗೂನ ತಿಳೀತೈತಿ. ಬೋರಿಂಗ್ ಹಿಡಿಕಿ ಪೂರ್ತಿ ವಾಪಸ್ ಬಿಡಲಿಲ್ಲಂದ್ರ ಮುಂದಿನ ಹೊಡತಕ್ಕ ನೀರ ಬರಂಗಿಲ್ಲ, ಹೌದಿಲ್ಲ? ಎದೀನೂ ಹಂಗ, ಒತ್ತಿದ ಮ್ಯಾಲ ಪೂರ್ತಿ ಮ್ಯಾಲ ಬರಾಕ ಬಿಡಬೇಕು, ಅವಾಗನ ಒಳಗ ರಕ್ತ ತುಂಬತೈತಿ. ಇನ್ನೊಂದು, ಬೋರಿಂಗ್ ಬಿಟ್ಟು ಸ್ವಲ್ಪ ಹೊತ್ತು ಮಾತಾಡಕೋತ ನಿಂತು ತಿರುಗಿ ಹೊಡದ್ರ ಮೊದಲ ನಾಕೈದು ಹೊಡತ ಬರೇ ಗಾಳಿ. ಎದಿ ಒತ್ತೂದು ನಿಲ್ಲಿಸಿದ್ರೂ ಅದ ಆಗತೈತಿ, ಕಟ್ಟಿದ ಪ್ರೆಶರ್ ಒಮ್ಮೆಗೆ ಇಳದ ಹೋಗತೈತಿ, ತಿರುಗಿ ಕಟ್ಟಾಕ ಎಷ್ಟೋ ಒತ್ತು ಬೇಕು. ಅದಕ್ಕ ನಡುವ ನಡುವ ನಿಲ್ಲಿಸಿ "ಎದ್ನೇನು, ಎದ್ನೇನು" ಅಂತ ನೋಡಬ್ಯಾಡ್ರಿ, ಎರಡು ಮಿನಿಟಿಗೆ ಒಮ್ಮೆ ಕೈ ಬದಲಿ ಮಾಡ್ರಿ, ಯಾಕಂದ್ರ ಎಂಥಾ ಪೈಲ್ವಾನ್ ಇದ್ರೂ ಎರಡು ಮಿನಿಟಿಗೆ ದಮ್ಮ ಹತ್ತತೈತಿ, ಮುಧೋಳ ಗರಡಿಮನಿ ಹುಡುಗ್ರಿಗೆ ಕಲಸೂವಾಗ ನಾ ಕಣ್ಣಾರೆ ನೋಡೇನಿ. ಬಾಯಿಗೆ ಬಾಯಿ ಹಚ್ಚಿ ಉಸಿರು ಕೊಡಾಕ ಕಲತವ್ರು 30 ಒತ್ತಿಗೆ 2 ಉಸಿರು ಕೊಡ್ರಿ, ಕಲೀದವ್ರು ಬರೇ ಒತ್ರಿ ಸಾಕು. ನೀರಿನ್ಯಾಗ ಮುಳುಗಿದವ್ರಿಗೆ, ಸಣ್ಣ ಮಕ್ಕಳಿಗೆ ಮಾತ್ರ ಉಸಿರು ಭಾಳ ಮುಖ್ಯ, ಅವರ ಎದಿ ನಿಂತದ್ದ ಉಸಿರು ಹೋಗಿ.

ಈ ಒತ್ತೂ ವಿದ್ಯಾ ಹೆಂಗ ಸಿಕ್ತು ಅನ್ನೂದು ಮಜಾ ಐತಿ. ಅಮೇರಿಕಾದ ಜಾನ್ಸ್ ಹಾಪ್ಕಿನ್ಸ್‌ನಾಗ ಕೌವನ್‌ಹೋವನ್ ಅಂತ ಒಬ್ರು ಇದ್ರು, ಅವರು ಡಾಕ್ಟರ್ ಅಲ್ಲ, ಕರೆಂಟಿನ ಇಂಜಿನಿಯರ್. ನಾಯಿಗಳ ಮ್ಯಾಲ ಶಾಕ್ ಮಷಿನ್ ಪ್ರಯೋಗ ನಡದಿತ್ತು. ಅವರ ಕೈಕೆಳಗ ಕಲಿಯೂ ಹುಡುಗ ನಿಕರ್‌ಬಾಕರ್ ನೋಡ್ತಾನ, ಶಾಕ್ ಇನ್ನಾ ಕೊಟ್ಟೇ ಇಲ್ಲ, ಆ ಭಾರದ ತಟ್ಟಿ ನಾಯಿ ಎದಿ ಮ್ಯಾಲ ಒತ್ತಿ ಇಟ್ಟದ್ದಕ್ಕನ ರಕ್ತದ ಒತ್ತಡ ಮ್ಯಾಲ ಏರತೈತಿ! ಸರ್ಜನ್ ಜೂಡ್ ಅವ್ರನ್ನೂ ಕೂಡಿಸಿಕೊಂಡು ಮನಷ್ಯಾರ ಮ್ಯಾಲ ಮಾಡಿ ನೋಡಿ 1960ರಾಗ ಬರದ್ರು. ಅದಕ್ಕಿಂತ ಮೊದಲ ಎದಿ ನಿಂತ್ರ ಎದಿ ಕೊಯ್ದು ಕೈ ಒಳಗ ಹಾಕಿ ಹೃದಯ ಹಿಚಕೂ ಪದ್ಧತಿ ಇತ್ತು. ಈಗ ಎರಡು ಕೈ ಇದ್ದವ್ರು ಯಾರ ಬೇಕಾದ್ರೂ ಮಾಡಬಹುದು.

ಶಾಕ್ ಬಗ್ಗೆ. ಸಿನಿಮಾದಾಗ ತೋರಸ್ತಾರಲ್ಲ, ಟಿವಿ ಮ್ಯಾಲ ಗೆರಿ ಸೀದಾ ಆಗತೈತಿ, ಡಾಕ್ಟರ್ ಓಡಿ ಬಂದು ಶಾಕ್ ಕೊಡತಾನ, ಹೀರೋ ಎದ್ದ ಕುಂದರತಾನ. ಸುಳ್ಳ ರೀ. ಸೀದಾ ಗೆರಿಗೆ ಶಾಕ್ ಕೊಡೂದಿಲ್ಲ. ಶಾಕ್ ಕೊಡೂದು ಹೃದಯ ಪೂರ್ತಿ ನಿಲ್ಲದ ಗಡಗಡ ನಡಗೂವಾಗ, ಆ ನಡುಗು ಒಮ್ಮೆ ನಿಲ್ಲಿಸಿ ತನ್ನ ತಾಳಕ್ಕ ತಾ ತಿರುಗಿ ಬರಲಿ ಅಂತ. ಎಇಡಿ ಅಂತ ಡಬ್ಬಿ ಬರತೈತಿ, ಎದಿಗೆ ಎರಡು ಪಟ್ಟಿ ಹಚ್ಚಿದ್ರ ಶಾಕ್ ಬೇಕೋ ಬ್ಯಾಡೋ ಅದ ನೋಡಿ ಅದ ಹೇಳತೈತಿ. ಅಮೇರಿಕಾದಾಗ ಜೂಜಿನ ಕಟ್ಟಡಗಳೊಳಗ ಕಾವಲು ಕಾಯೂವ್ರಿಗೆ ಇದನ್ನ ಕಲಿಸಿದ್ರು. ಅಲ್ಲಿ ಎಲ್ಲಾ ಕಡೆ ಕ್ಯಾಮೆರಾ ಇರ್ತಾವಲ್ಲ, ಯಾರು ಎಷ್ಟೊತ್ತಿಗೆ ಬಿದ್ರು ಅನ್ನೂದು ಸೆಕೆಂಡ್ ಲೆಕ್ಕದಾಗ ಸಿಕ್ತು. 2000ದಾಗ ಲೆಕ್ಕ ಹೊರಗ ಬಂತು: ಹಂಗ ನಡುಗು ಹತ್ತಿ ಬಿದ್ದವ್ರು 105 ಮಂದಿ, ಮೂರು ಮಿನಿಟಿನೊಳಗ ಶಾಕ್ ಸಿಕ್ಕವ್ರೊಳಗ ನೂರಕ್ಕ 74 ಮಂದಿ ಬದಕಿ ಮನಿಗೆ ಹೋದ್ರು, ಮೂರು ಮಿನಿಟು ದಾಟಿದವ್ರೊಳಗ 49. ಕೊಟ್ಟವ್ರು ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ವಾಚಮನ್ರು. ನಾ ನಮ್ಮ ಸಕ್ಕರಿ ಫ್ಯಾಕ್ಟರಿಯವ್ರಿಗೆ, ಬಸ್‌ಸ್ಟ್ಯಾಂಡಿನವ್ರಿಗೆ ಇದನ್ನ ಹೇಳಿಕೋತ ತಿರಗಾಕತ್ತೇನಿ. ಕೆಲವ್ರು ಕೇಳ್ತಾರ, ಕೆಲವ್ರು ಚಹಾ ಕುಡಿಸಿ ಕಳಸ್ತಾರ.

ಈಗ ನಮ್ಮ ಡಾಕ್ಟರ್ ಮಂದಿ ಕೈಯಾಗಿಂದು ಏನೈತಿ ಅದರ ಬಗ್ಗೆ ಖರೇ ಹೇಳತೇನಿ, ನಮ್ಮವ್ರು ಸಿಟ್ಟಾಗ್ಲಿ. ಅಡ್ರೆನಲಿನ್ ಅಂತ ಇಂಜೆಕ್ಷನ್ ಐತಿ, ಮೂರ್ನಾಕು ಮಿನಿಟಿಗೊಮ್ಮೆ ಒಂದು ಮಿಲಿಗ್ರಾಂ ಕೊಡತೇವಿ. ಇಂಗ್ಲೆಂಡಿನ ಕಡೆ 8,000 ಮಂದಿ ಮ್ಯಾಲ ಪರೀಕ್ಷಾ ಮಾಡಿ 2018ರಾಗ ಹೇಳಿದ್ರು. ಅರ್ಧ ಮಂದಿಗೆ ಅಡ್ರೆನಲಿನ್, ಅರ್ಧ ಮಂದಿಗೆ ಬರೇ ಸಲೈನ್ ನೀರು. ತಿಂಗಳಾದ ಮ್ಯಾಲ ಬದಕಿದ್ದವ್ರು ಔಷಧ ತಗೊಂಡವ್ರೊಳಗ ನೂರಕ್ಕ 3.2, ನೀರ ತಗೊಂಡವ್ರೊಳಗ 2.4. ಔಷಧ ಗೆದ್ದಿತು ಅನ್ರಿ. ಆದ್ರ ಬುದ್ಧಿ ನೆಟ್ಟಗ ಇಟಗೊಂಡು ಮನಿಗೆ ಹೋದವ್ರ ಲೆಕ್ಕ ತಗದ್ರ ಎರಡೂ ಕಡೆ ಹೇಳಿಕೊಳ್ಳೂವಂಥಾ ಫರಕ್ ಇಲ್ಲ, ಮತ್ತ ಬದಕಿದವ್ರೊಳಗ ಮಿದುಳಿಗೆ ಭಾರೀ ಪೆಟ್ಟಾಗಿ ಉಳದವ್ರು ಔಷಧದ ಕಡೆ ನೂರಕ್ಕ 31, ನೀರಿನ ಕಡೆ ಸುಮಾರು 18. ಅಂದ್ರ ಹೃದಯ ಎಬ್ಬಿಸಿದ್ವಿ, ಮನಷ್ಯಾನ್ನ ಎಬ್ಬಸಲಿಲ್ಲ. ನಾ ಈಗೂ ಅಡ್ರೆನಲಿನ್ ಕೊಡತೇನಿ, ಕೊಡಬೇಕು, ಯಾಕಂದ್ರ ಎದ್ದ ಕೆಲವ್ರು ಸರಿ ಎದ್ದಾರ. ಆದ್ರ ಅದರ ಮ್ಯಾಲ ಎಷ್ಟು ಭರೋಸಾ ಇಡಬೇಕು ಅನ್ನೂದು ಗೊತ್ತಿರ್ಲಿ ಅಂತ ಹೇಳಾಕತ್ತೇನಿ.

ತಂಪ ಮಾಡೂ ಕಥೀನೂ ಹಂಗ. 2002ರಾಗ ಯುರೋಪು, ಆಸ್ಟ್ರೇಲಿಯಾ ಎರಡೂ ಕಡೆಯಿಂದ ಸುದ್ದಿ ಬಂತು, ಅರೆಸ್ಟ್ ಆಗಿ ಎದ್ದವ್ರ ಮೈ 33 ಡಿಗ್ರಿ ತನಕ ತಂಪ ಮಾಡಿದ್ರ ಮಿದುಳು ಉಳೀತೈತಿ ಅಂತ. ನಾವೂ ಬರ್ಫ್ ಚೀಲಾ ಇಟ್ಟು, ಫ್ಯಾನ್ ಹಚ್ಚಿ, ರಾತ್ರಿಯೆಲ್ಲಾ ಥರ್ಮಾಮೀಟರ್ ಹಿಡಕೊಂಡು ಕುಂದರ್ತಿದ್ವಿ, ಏಪ್ರಿಲ್ ತಿಂಗಳದ ವಿಜಯಪುರದ ಬಿಸಲಾಗ ಮನಷ್ಯಾನ್ನ 33 ಡಿಗ್ರಿಗೆ ಇಳಸೂದಂದ್ರ ತಮಾಷಿ ಅಲ್ಲ. 2021ರಾಗ 1,850 ಮಂದಿ ಮ್ಯಾಲ ಮಾಡಿದ ದೊಡ್ಡ ಪರೀಕ್ಷಾ ಬಂತು: ಅಷ್ಟು ತಂಪ ಮಾಡಿದ್ರೂ ಅಷ್ಟ, ಜ್ವರ ಬರದಂಗ ನೋಡಕೊಂಡ್ರೂ ಅಷ್ಟ. ಈಗ ಜ್ವರ ಬರಬಾರದು ಅಂತ ಕಾಯ್ತೇವಿ.

ಈ ಕಡೆ ತಲಿ ಪೆಟ್ಟಿಗೆ ಬರೂಣು, ಟ್ರ್ಯಾಕ್ಟರಿನವ್ರು ಸ್ವಲ್ಪ ನೆಟ್ಟಗ ಕುಂದರ್ರಿ. ನವೆಂಬರದಿಂದ ಮಾರ್ಚ್ ತನಕ ನಮಗ ರಾತ್ರಿ ಬರೂ ಕೇಸಿನ್ಯಾಗ ಒಂದು ಥರದ್ದು ಹೇಳದನ ಗೊತ್ತಾಗತೈತಿ. ಲೋಕಾಪುರದ ಕಡೆಯಿಂದೋ, ಅಥಣಿ ಕಡೆಯಿಂದೋ, ಬೈಕ್ ಮ್ಯಾಲ ಒಬ್ಬ ಹುಡುಗ, ಎದರಿನ ಗಾಡಿ ಲೈಟಿಗೆ ಕಣ್ಣ ಕುಕ್ಕೇತಿ, ಮುಂದ ಕಬ್ಬು ತುಂಬಿದ ಎರಡು ಟ್ರೇಲರ್ ಟಾಯರ್ ಪಂಚರ್ ಆಗಿ ರಸ್ತೆದಾಗ ನಿಂತಾವ, ಹಿಂದ ಲೈಟ್ ಇಲ್ಲ, ರೇಡಿಯಂ ಇಲ್ಲ, ಗುರ್ತಿಗೆ ನಾಕು ಕಲ್ಲು ಇಟ್ಟಾರ. ಸೀದಾ ಹೋಗಿ ಮಾರಿ ಬಡಕೊಂಡಿರ್ತಾನ. ಹುಡುಗನ ಕೂದಲಾಗ ಕಬ್ಬಿನ ರವದಿ ಸಿಕ್ಕಿರತೈತಿ. ನರ್ಸ್ ಆ ರವದಿ ಒಂದೊಂದ ತಗೀತಿರ್ತಾರ, ನಾ ಗಂಟಲಾಗ ಪೈಪ್ ಇಳಸ್ತಿರ್ತೇನಿ. ಹೆಲ್ಮೆಟ್ ಇರ್ತಿತ್ತು, ಬೈಕಿನ ಹ್ಯಾಂಡಲ್‌ಗೆ ತೂಗು ಬಿಟ್ಟದ್ದು. ಹೆಲ್ಮೆಟ್ ಹಾಕಿದ್ರ ತಲಿಗೆ ಪೆಟ್ಟ ಆಗೂ ಸಂಭವ ನೂರಕ್ಕ 69, ಸಾಯೂ ಸಂಭವ ನೂರಕ್ಕ 42 ಕಡಿಮಿ ಆಗತೈತಿ ಅಂತ ಎಷ್ಟೋ ದೇಶದ ಲೆಕ್ಕ ಕೂಡಿಸಿ ಹೇಳ್ಯಾರ. ರೇಡಿಯಂ ಪಟ್ಟಿ ಎಷ್ಟು ಉಳಸತೈತಿ ಅನ್ನೂದಕ್ಕ ನನ್ನ ಹತ್ರ ಅಂಕಿ ಬ್ಯಾಡ, ನನಗ ಆ ರವದಿ ಸಾಕು.

ತಲಿ ಪೆಟ್ಟು ಎರಡು ಸಲ ಬೀಳತೈತಿ. ಮೊದಲನೇದು ಟ್ರೇಲರ್ ಬಡದಾಗ. ಅದು ಆಗಿ ಹೋತು, ದೇವ್ರು ಬಂದ್ರೂ ವಾಪಸ್ ತಗಿಯಾಕ ಆಗಂಗಿಲ್ಲ. ಎರಡನೇದು ಆಮ್ಯಾಲಿನ ತಾಸುಗಳೊಳಗ, ಉಸಿರು ಕಟ್ಟಿ, ಬಿಪಿ ಬಿದ್ದು, ಒಳಗ ಬಾವು ಏರಿ. ನಮ್ಮ ಕೈಯಾಗ ಇರೂದು ಎರಡನೇದು ಅಷ್ಟ. ತಲಿಬುರುಡಿ ಅಂದ್ರ ಮುಚ್ಚಿದ ಗಡಗಿ, ಅದಕ್ಕ ಹಿಗ್ಗಾಕ ಬರಂಗಿಲ್ಲ. ಒಳಗ ರಕ್ತ ಹೆಪ್ಪುಗಟ್ಟಿದ್ರ, ಬಾವು ಬಂದ್ರ ಒತ್ತಡ ಏರತೈತಿ, ಅದಕ್ಕ ಎದರಾಗಿ ಹೃದಯ ರಕ್ತ ಏರಸಬೇಕು. ಏರಿನ ಹೊಲಕ್ಕ ಪೈಪಲೈನ್ ಮಾಡಿದವ್ರಿಗೆ ಇದು ಗೊತ್ತು, ಏರು ಜಾಸ್ತಿ ಆದಂಗ ಮೋಟರಿನ ಪ್ರೆಶರ್ ಜಾಸ್ತಿ ಬೇಕು, ವೋಲ್ಟೇಜ್ ಬಿತ್ತೋ ನೀರ ಅರ್ಧಾ ದಾರ್ಯಾಗ ನಿಂತಬಿಡತೈತಿ. ತಲಿ ಪೆಟ್ಟಾದವನ ಮ್ಯಾಲಿನ ಬಿಪಿ ಒಂದ ಒಂದು ಸಲ 90ರ ಕೆಳಗ ಬಿದ್ರ ಸಾವಿನ ಸಂಭವ ಹತ್ರ ಹತ್ರ ಎರಡು ಪಟ್ಟು ಆಗತೈತಿ ಅಂತ 1993ರಾಗನ ತೋರಿಸ್ಯಾರ. ಮತ್ತ ಒಂದು ನೆನಪಿಡ್ರಿ, ದೊಡ್ಡವ್ರಿಗೆ ಬರೇ ತಲಿ ಒಳಗಿನ ಪೆಟ್ಟಿಗೆ ಬಿಪಿ ಬೀಳೂದಿಲ್ಲ ಸಾಮಾನ್ಯವಾಗಿ. ಬಿದ್ದೈತಿ ಅಂದ್ರ ತೊಡಿ ಎಲುಬು ಮುರದಿರಬೇಕು, ಹೊಟ್ಟ್ಯಾಗ ಗುಲ್ಮ ಒಡದಿರಬೇಕು, ಇಲ್ಲಾ ನೆತ್ತಿ ಗಾಯದಿಂದ ದಾರಿಯುದ್ದಕ್ಕೂ ರಕ್ತ ಹೋಗಿರಬೇಕು. ನೆತ್ತಿ ಭಾಳ ರಕ್ತ ಸುರಸತೈತಿ, ಒಂದು ಟವೆಲ್ ಗಟ್ಟಿ ಒತ್ತಿ ಕಟ್ಟಿದ್ರ ನಿಲ್ಲತೈತಿ.

ಒಂದು ಕೇಸ್ ಹೇಳತೇನಿ, ಊರು ಬ್ಯಾಡ. ಹುಡುಗನ್ನ ಕ್ರೂಸರ್ ಹಿಂದಿನ ಸೀಟಿನ್ಯಾಗ ಅಂಗಾತ ಹಾಕಿ ತಂದಿದ್ರು, ತಲಿ ಸೀಟಿನ ಅಂಚಿನಿಂದ ಕೆಳಗ ಜೋತು ಬಿದ್ದಿತ್ತು, ದಾರಿಯುದ್ದಕ್ಕೂ ಗೊರಕಿ. "ಸರ್, ನಿದ್ದಿ ಹತ್ತೇತ್ರಿ, ಅರಾಮ ಮಲಗ್ಯಾನ್ರಿ" ಅಂದ್ರು ಅವರ ಕಾಕಾ. ಅದು ನಿದ್ದಿ ಅಲ್ಲ, ನಾಲಗಿ ಹಿಂದ ಬಿದ್ದು ಗಾಳಿ ಕಟ್ಟಿದ ಸಪ್ಪಳ. ಮೊದಲ ಒಂದು ದವಾಖಾನಿ, ಅಲ್ಲಿ ಪಟ್ಟಿ ಕಟ್ಟಿ ಮುಂದ ಹೋಗ್ರಿ ಅಂದ್ರು, ಎರಡನೇದ್ರಾಗ ಸಿಟಿ ಸ್ಕ್ಯಾನ್ ಐತಿ ಡಾಕ್ಟರ್ ಇಲ್ಲ, ಮೂರನೇದ್ರಾಗ ಡಾಕ್ಟರ್ ಅದಾರ ಬೆಡ್ ಇಲ್ಲ, ನಮ್ಮಲ್ಲಿ ಬಂದಾಗ ಐದು ತಾಸು ಆಗಿತ್ತು. ಗ್ಲಾಸ್ಗೋ ಲೆಕ್ಕ ಅಂತ 1974ರಾಗ ಮಾಡಿದ್ದು ಐತಿ, ಕಣ್ಣು, ಮಾತು, ಕೈಕಾಲಿನ ಅಲುಗಾಟ ನೋಡಿ 3ರಿಂದ 15 ಮಾರ್ಕ್ಸ್ ಕೊಡೂದು, 8ಕ್ಕ ಇಳದ್ರ ಭಾರೀ ಪೆಟ್ಟು. ಮೊದಲ ದವಾಖಾನಿ ಚೀಟಿ ಮ್ಯಾಲ 10 ಅಂತ ಬರದಿದ್ರು, ನಾ ನೋಡಿದಾಗ 5. ಆ ನಡುವಿನ ಐದು ಮಾರ್ಕ್ಸ್ ಎಲ್ಲಿ ಹೋದ್ವು? ಕ್ರೂಸರಿನ ಸೀಟಿನ್ಯಾಗ ಹೋದ್ವು. ಒಂದು ಮಗ್ಗಲಾಗಿ ಮಲಗಿಸಿ, ತಲಿ ಕುತ್ತಿಗಿ ಒಂದ ಸಾಲಿನ್ಯಾಗ ಹಿಡದು, ಗದ್ದಾ ಮ್ಯಾಲ ಎತ್ತಿ ಹಿಡಕೊಂಡು ಬರಾಕ ಒಬ್ಬಂವ ಕುಂತಿದ್ರ ಸಾಕಾಗಿತ್ತು.

ಇನ್ನೊಂದು ಥರದ್ದು ಹಿಂದಾ ಮುಂದಾ ಉಲ್ಟಾ. ಬೈಕಿನಿಂದ ಬಿದ್ದ, ಸ್ವಲ್ಪ ಹೊತ್ತು ಮಂಕಾಗಿದ್ದ, ಆಮ್ಯಾಲ ಎದ್ದು ಮೈ ಜಾಡಿಸಿ ಚಹಾದ ಅಂಗಡ್ಯಾಗ ಚಹಾ ಕುಡದು ನಕ್ಕೋತ ಮನಿಗೆ ಹೋದ. ರಾತ್ರಿ ತಲಿ ನೋವು, ಎರಡು ಸಲ ವಾಂತಿ, ಮಲಗಿದ. ಅವರವ್ವ ಚಲೋ ಹೆಣ್ಣುಮಗಳು, ಓದಿಲ್ಲ ಬರದಿಲ್ಲ, ಆದ್ರ ತಾಸಿಗೊಮ್ಮೆ ಎಬ್ಬಸಕೋತ ಕುಂತಾಳ. ನಡುರಾತ್ರಿ ಎಬ್ಬಿಸಿದ್ರ ಏನೇನೋ ಬಡಬಡಸಾಕತ್ತ. ಮನಿ ಮಂದಿ "ಕುಡದಾನ ಬಿಡವಾ, ಮಲಗ್ಲಿ" ಅಂದ್ರಂತ. ಆಕಿ ಕೇಳಲಿಲ್ಲ. ನಾ ಮೊಬೈಲ್ ಬ್ಯಾಟರಿ ಹಚ್ಚಿ ಕಣ್ಣ ನೋಡಿದ್ರ ಬಲಗಣ್ಣಿನ ಪಾಪಿ ದೊಡ್ಡದಾಗಿ ಬೆಳಕಿಗೆ ಅಲಗವಲ್ದು. ಎಲುಬಿಗೂ ಮಿದುಳಿನ ಪರದಿಗೂ ನಡುವ ರಕ್ತ ಕೂಡಿತ್ತು. ಸರ್ಜನ್ ಬುರುಡಿ ತಗದು ರಕ್ತದ ಗಡ್ಡಿ ಹೊರಗ ಹಾಕಿದ್ರು, ಹತ್ತು ದಿನಕ್ಕ ನಡಕೋತ ಮನಿಗೆ ಹೋದ. ಮಿದುಳಿಗೆ ಪೆಟ್ಟಿರಲಿಲ್ಲ, ಬರೇ ಒತ್ತಡ ಇತ್ತು, ಹೊತ್ತಿನ್ಯಾಗ ತಗದ್ವಿ. ಇಂಥದ್ರಾಗ ಆಪರೇಶನ್ ಅಗದಿ ಮ್ಯಾಜಿಕ್ ರೀ.

ಆದ್ರ ಎಲ್ಲಾ ಆಪರೇಶನ್ ಹಂಗಲ್ಲ. ಮಿದುಳೇ ಜಜ್ಜಿ ಬಾವು ಬಂದಾಗ, ಯಾವ ಔಷಧಕ್ಕೂ ಒತ್ತಡ ಇಳಿಲಿಲ್ಲಂದ್ರ, ಬುರುಡಿಯ ದೊಡ್ಡ ತುಂಡು ತಗದು ಜಾಗಾ ಮಾಡಿ ಕೊಡೂದು ಒಂದೈತಿ. ಅದರ ದೊಡ್ಡ ಪರೀಕ್ಷಾ 2016ರಾಗ ಬಂತು, 408 ಮಂದಿ. ಆರು ತಿಂಗಳಿಗೆ ಸತ್ತವ್ರು ಆಪರೇಶನ್ ಆದವ್ರೊಳಗ ನೂರಕ್ಕ 27, ಆಗದವ್ರೊಳಗ 49. ಎಷ್ಟು ಚಲೋ ಅನಸತೈತಲ್ಲ? ಮುಂದ ಕೇಳ್ರಿ. ಕಣ್ಣ ತಗದು ಮಲಗಿರೂದು, ಗುರ್ತಿಲ್ಲ ಮಾತಿಲ್ಲ, ಅಂಥಾ ಸ್ಥಿತಿಯೊಳಗ ಉಳದವ್ರು ಆಪರೇಶನ್ ಕಡೆ 8.5, ಆಗದವ್ರ ಕಡೆ 2.1. ಪೂರ್ತಿ ಅರಾಮ ಆದವ್ರು ಎರಡೂ ಕಡೆ ಬೆರಳೆಣಿಕಿ. ಸಹಿ ತಗೊಳ್ಳೂ ಮೊದಲ ನಾ ಇದನ್ನ ಮನಿಯವ್ರಿಗೆ ಹೇಳತೇನಿ, ಅಂಕಿ ಹೇಳಂಗಿಲ್ಲ, "ಜೀವ ಉಳಿಬಹುದು, ಆದ್ರ ಹೆಂಗ ಉಳೀತಾನ ಅನ್ನೂ ಮಾತು ನಾ ಕೊಡಾಕ ಬರಂಗಿಲ್ಲ" ಅಂತೇನಿ. ಕೆಲವ್ರು ಸಹಿ ಮಾಡ್ತಾರ, ಕೆಲವ್ರು ಹೊರಗ ಹೋಗಿ ಊರ ಗೌಡ್ರಿಗೆ ಫೋನ್ ಹಚ್ಚತಾರ.

ಮತ್ತ ನನ್ನ ತಪ್ಪು ಒಂದು ಒಪ್ಪಕೋಬೇಕು. ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ತಲಿ ಪೆಟ್ಟು ಅಂದ್ರ ಸ್ಟಿರಾಯ್ಡ್ ಇಂಜೆಕ್ಷನ್ ಹಾಕೂದು ವಾಡಿಕಿ, ಬಾವು ಇಳೀತೈತಿ ಅಂತ. ಹಿರ್ಯಾರು ಹಾಕ್ತಿದ್ರು, ನಾವೂ ಹಾಕಿದ್ವಿ. ತರ್ಕ ಅಗದಿ ಬರೋಬ್ಬರಿ ಇತ್ತು, ಬಾವಿಗೆ ಸ್ಟಿರಾಯ್ಡ್. 2004ರಾಗ ಕ್ರ್ಯಾಶ್ ಅನ್ನೂ ಪರೀಕ್ಷಾದ ಫಲ ಬಂತು, 10,008 ಮಂದಿ, ಎರಡು ವಾರದಾಗ ಸತ್ತವ್ರು ಸ್ಟಿರಾಯ್ಡ್ ತಗೊಂಡವ್ರೊಳಗ ನೂರಕ್ಕ 21.1, ತಗೊಳ್ಳದವ್ರೊಳಗ 17.9. ಅಂದ್ರ ನೂರು ಮಂದಿಗೆ ಹಾಕಿದ್ರ ಮೂರು ಮಂದಿ ಹೆಚ್ಚಿಗೆ ಸತ್ತಾರ. ನನ್ನ ಕೈಯಿಂದ ಎಷ್ಟು ಇಂಜೆಕ್ಷನ್ ಹೋಗ್ಯಾವ ನಾ ಲೆಕ್ಕ ಇಟ್ಟಿಲ್ಲ. ಈಗೂ ಕೆಲವು ಚೀಟಿ ಮ್ಯಾಲ ಅದು ಬರದದ್ದು ಕಂಡ್ರ ಮೈ ಉರೀತೈತಿ. ಅದರ ತಮ್ಮ ಕ್ರ್ಯಾಶ್-3, 2019ರಾಗ ಬಂತು, ಟ್ರಾನೆಕ್ಸಾಮಿಕ್ ಆಸಿಡ್ ಅಂತ ರಕ್ತ ನಿಲ್ಲಸೂ ಅಗ್ಗದ ಔಷಧ, ಪೆಟ್ಟ ಬಿದ್ದ ಮೂರು ತಾಸಿನೊಳಗ ಕೊಟ್ರ ಮಧ್ಯಮ ಪೆಟ್ಟಿನವ್ರಿಗೆ, ಸಣ್ಣ ಪೆಟ್ಟಿನವ್ರಿಗೆ ಉಪಯೋಗ ಐತಿ, ಭಾರೀ ಪೆಟ್ಟಿಗೆ ಅಷ್ಟಿಲ್ಲ. ಅಲ್ಲೂ ತಾಸಿನ ಮಾತ ಬಂತು ನೋಡ್ರಿ.

ಹಿಂದಿನಿಂದ ಯಾರೋ ಕೇಳಾಕತ್ತಾರ, "ಮುಟ್ಟಿದ್ರ ಪೊಲೀಸ್ ಕೇಸ್ ಆಗತೈತೇನ್ರಿ?" ಇಲ್ಲ ತಮ್ಮಾ. 2016ರಾಗ ಸುಪ್ರೀಂ ಕೋರ್ಟ್ ಹೇಳೇತಿ, 2019ರಾಗ ಮೋಟಾರು ವಾಹನ ಕಾಯ್ದೆದಾಗ 134ಎ ಅಂತ ಕಲಮೇ ಸೇರಿಸ್ಯಾರ, ಅಪಘಾತದಾಗ ಬಿದ್ದವಗ ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವನ ಮ್ಯಾಲ ಕೇಸ್ ಹಾಕಾಕ ಬರಂಗಿಲ್ಲ, ಹೆಸರು ಹೇಳು ಅಂತ ಒತ್ತಾಯನೂ ಮಾಡಂಗಿಲ್ಲ. ಎದಿ ಒತ್ತೂವಾಗ ಪಕ್ಕೆಲುಬು ಮುರಿಯೂದು ಸಹಜ, ಕಟ್ ಅಂತ ಸಪ್ಪಳ ಬರತೈತಿ, ಅಂಜಬ್ಯಾಡ್ರಿ. ಎಲುಬು ಆರು ವಾರಕ್ಕ ಕೂಡತೈತಿ.

ಇನ್ನ ಎಲ್ಲಾರೂ ಕೇಳೂ ಪ್ರಶ್ನೆ: "ಸರ್, ಹತ್ತರಾಗ ಎಷ್ಟು ಛಾನ್ಸ್ ಐತಿ, ಹೇಳಿಬಿಡ್ರಿ." ವೆಂಟಿಲೇಟರ್ ಮ್ಯಾಲ ಸುಮ್ನ ರೊಕ್ಕಾ ತಿನ್ನಾಕ ಇಟ್ಟಾರ ಅಂತ ಹೊರಗ ಮಾತ ನಡದಿರತೈತಿ, ನನಗ ಕೇಳಸತೈತಿ. ಅರೆಸ್ಟ್ ಆಗಿ ಎದ್ದವನ ಮಿದುಳಿನ ಬಗ್ಗೆ 72 ತಾಸಿಗಿಂತ ಮೊದಲ ಕೊನೇ ಮಾತು ಹೇಳಬಾರದು ಅನ್ನೂದು ನಮ್ಮ ನಿಯಮ, ನಿದ್ದಿ ಔಷಧದ ಮಬ್ಬು ಇಳಿಬೇಕು, ಕಣ್ಣಿನ ಪಾಪಿ, ಮಿದುಳಿನ ಕರೆಂಟ್ ನೋಡೂ ಇಇಜಿ, ಸ್ಕ್ಯಾನ್ ಎಲ್ಲಾ ಕೂಡಿಸಿ ನೋಡಬೇಕು. ಮೊದಲನೇ ದಿನ "ಏನೂ ಉಳದಿಲ್ಲ, ಮನಿಗೆ ಒಯ್ರಿ" ಅಂದವ್ರು ತಪ್ಪಿದ್ದು ನಾ ನೋಡೇನಿ. ಹಂಗಂತ ಹದಿನೈದು ದಿನ ಸುಳ್ಳ ಆಸೆ ಹಚ್ಚೂದೂ ತಪ್ಪ. ಹೊಲಾ ಮಾರಿ ತಂದ ರೊಕ್ಕಾ ಅದು.

ಎರಡು ವರ್ಷದ ಹಿಂದಿನ ಮಾತು, ಒಬ್ರು ಕಿರಾಣಿ ಅಂಗಡಿಯವ್ರು, ಐವತ್ತೆರಡು ವರ್ಷ, ಗಲ್ಲಾ ಮುಂದ ಕುಂತಲ್ಲೇ ಬಿದ್ರು. ಪಿಯುಸಿ ಓದೂ ಮಗ ಫೋನಿನ್ಯಾಗ ನೋಡಿ ಕಲತಿದ್ನಂತ, ಅಕ್ಕಿ ಚೀಲಾ ಸರಿಸಿ ಜಾಗಾ ಮಾಡಿ ಒತ್ತಾಕ ಹತ್ಯಾನ, ಬಾಜೂ ಅಂಗಡಿ ಟೇಲರ್ ಕೈ ಬದಲಿ ಮಾಡ್ಯಾನ, 108 ಬರೂತನಕ ಇಬ್ರೂ ಬಿಡಲಿಲ್ಲ. ಗಾಡ್ಯಾಗಿನ ಮಷಿನ್ ಎರಡನೇ ಶಾಕ್ ಕೊಟ್ಟಾಗ ನಾಡಿ ಬಂತು. ನಾಕನೇ ದಿನ ಕಣ್ಣ ತಗದ್ರು, ಎರಡು ವಾರಕ್ಕ ಮನಿಗೆ ಹೋದ್ರು. ಮೊನ್ನೆ ಅವರ ಅಂಗಡಿಗೆ ಹೋಗಿದ್ದೆ. ಮೊದಲೆಲ್ಲಾ ಮೂವತ್ತು ಸಾಮಾನಿನ ಲೆಕ್ಕ ಬಾಯಾಗ ಹೇಳ್ತಿದ್ರಂತ, ಈಗ ಕ್ಯಾಲ್ಕುಲೇಟರ್ ಇಟಗೊಂಡಾರ, ಎರಡೆರಡು ಸಲ ಒತ್ತಿ ನೋಡ್ತಾರ. ಬಿದ್ದ ವಾರದ್ದು ಒಂದೂ ನೆನಪಿಲ್ಲ. ಸಿಟ್ಟು ಲಗೂನ ಬರತೈತ್ರಿ ಸರ್, ಮೊದಲ ಹಿಂಗಿರಲಿಲ್ಲ ಅಂದ್ರು ಅವರ ಮನಿಯವ್ರು. ನಾ ಅರ್ಧಾ ಕಿಲೋ ಶೇಂಗಾ ತಗೊಂಡೆ, ರೊಕ್ಕಾ ಕೊಟ್ಟೆ, ಅವರು ಚಿಲ್ಲರಿ ಎಣಿಸಿ ಕೈಯಾಗ ಇಟ್ರು, ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟಿದ್ರು. ಮಗ ನೋಡಿದ, ಏನೂ ಅನಲಿಲ್ಲ, ನಾ ಹತ್ತು ರೂಪಾಯಿ ಗಲ್ಲಾ ಮ್ಯಾಲ ಇಟ್ಟ ಬಂದೆ.

ಎದಿ ಒತ್ತಿ ಕಲಿಯಾಕ ಗೊಂಬಿ ಎರಡು ತಂದೇನಿ, ಸ್ಟೇಜಿನ ಕೆಳಗ ಅದಾವ. ರೇಡಿಯಂ ಪಟ್ಟಿ ಉರುಳಿ ಬಾಗಲ ಹತ್ರ ಇಟ್ಟಾರ, ಹೋಗೂವಾಗ ಎರಡೂ ಟ್ರೇಲರಿಗೆ ಆಗೂವಷ್ಟು ಕತ್ತರಿಸಿಕೊಳ್ರಿ. ಒತ್ತಾಕ ಹಿಂದಿನ ಸಾಲಿನವ್ರು ಮೊದಲ ಬರ್ರಿ, ಮುಂದ ಕುಂತ ಹಿರ್ಯಾರಿಗೆ ಮೊಳಕಾಲ ಮಡಚಾಕ ಹೊತ್ತ ಹಿಡೀತೈತಿ.